ಒರೆಯಪ್ಪ ಕಂಡ ತಾಮ್ರ

ಒರೆಯಪ್ಪನವರು ಮನೆಯಿಂದ ಹೊರಬಿದ್ದರೆ ಮೊದಲು ನೋಡುತ್ತಿದ್ದುದು ಎದುರಿಗೆ ಬಂದವರನ್ನಲ್ಲ, ಆಕಾಶವನ್ನು. ಮೋಡ ಕವಿದಿದೆಯೇ, ಬಿಸಿಲು ಕಣ್ಣು ಕುಕ್ಕುತ್ತಿದೆಯೇ, ಬೆಳಕು ಎಷ್ಟು ಹೊತ್ತಿಗೆ ಹದಕ್ಕೆ ಬಂದೀತು ಎಂದು ಕತ್ತನ್ನು ಹಿಂದಕ್ಕೆ ವಾಲಿಸಿ ಲೆಕ್ಕ ಹಾಕುತ್ತ, ಕಾಲಿಗೆ ಏನು ಎಡವೀತೆಂಬ ಪರಿವೆಯೇ ಇಲ್ಲದೆ ಸಾಗುವ ಆ ನಡಿಗೆಯನ್ನು ಕಂಡ ಹೊಸಬರು, ಈ ಮನುಷ್ಯನಿಗೆ ಯಾರ ಮೇಲೂ ಗೌರವವಿಲ್ಲವೆಂದು ತಿಳಿಯುತ್ತಿದ್ದರು. ಗೌರವವೇನೋ ಇತ್ತು, ಅದಕ್ಕೂ ಮೊದಲು ಅವರಿಗೆ ಬೆಳಕು ಬೇಕಿತ್ತು. ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ಅದರ ಶುದ್ಧತೆಯನ್ನು ಹೇಳುವುದು ಅವರ ಕಸುಬು, ಆ ಕಸುಬೇ ಅವರಿಗೆ ಹೆಸರನ್ನೂ ಕೊಟ್ಟಿತ್ತು. ದೀಪದ ಬೆಳಕಿನಲ್ಲಿ ಯಾರೆಷ್ಟು ಗೋಗರೆದರೂ ಅವರು ಒಡವೆ ಮುಟ್ಟುತ್ತಿರಲಿಲ್ಲ. "ದೀಪ ಎಲ್ಲರನ್ನೂ ಚೆಂದ ಮಾಡುತ್ತೆ, ನಾಳೆ ಬನ್ನಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಸೆಕೆಯಿರಲಿ ಚಳಿಯಿರಲಿ, ಮೈಮೇಲೆ ಅದೇ ಕಪ್ಪು ಕೋಟು. ಅದರ ಎಡಜೇಬಿನಲ್ಲಿ ಮೆತ್ತನೆಯ ಬಟ್ಟೆ ಸುತ್ತಿದ ಕರಿಗಲ್ಲು. ವರ್ಷಗಟ್ಟಲೆ ಆ ಭಾರ ಹೊತ್ತು ಕೋಟಿನ ಎಡಭಾಗ ಜೋತುಬಿದ್ದಿತ್ತು, ಕೋಟಿನ ಜೊತೆಗೆ ಹೆಗಲೂ ಒಂದಿಷ್ಟು ವಾಲಿತ್ತು. ಒಡವೆ ತಂದವರನ್ನು ಹೊಸ್ತಿಲಿನಾಚೆ ಕೂರಿಸಿ, ಕಲ್ಲನ್ನು ತೊಡೆಯ ಮೇಲಿಟ್ಟು, ಒಡವೆಯ ಮರೆಯ ಜಾಗವೊಂದನ್ನು ಆರಿಸಿ ಒಂದೇ ಒಂದು ಗೆರೆ ಎಳೆಯುತ್ತಿದ್ದರು. ನಮ್ಮ ಕಣ್ಣಿಗೆ ಅದೊಂದು ಹಳದಿ ಗೆರೆ, ಅಷ್ಟೇ. ಅವರಿಗೆ ಅದರಲ್ಲಿ ಎಷ್ಟು ಬೆಳ್ಳಿ ಬೆರೆತಿದೆ, ಎಷ್ಟು ತಾಮ್ರ ಬೆರೆತಿದೆ ಎಂಬುದೆಲ್ಲ ಕಾಣುತ್ತಿತ್ತು. ಮೇಲೊಂದು ಹನಿ ಆಮ್ಲ ಬಿಟ್ಟರೆ ಹಿತ್ತಾಳೆಯ ಗೆರೆ ಹಸಿರು ನೊರೆ ಕಾರಿ ಮಾಯವಾಗುತ್ತದೆ, ಚಿನ್ನದ್ದು ನಿಲ್ಲುತ್ತದೆ. ಆದರೆ ಚಿನ್ನಕ್ಕೂ ಚಿನ್ನಕ್ಕೂ ನಡುವಿನ ಅಂತರ ತಿಳಿಯಲು ಕಣ್ಣೇ ಬೇಕು. ಅಷ್ಟರಲ್ಲಿ ಯಾರಾದರೂ ಆತುರಪಟ್ಟರೆ "ಕಲ್ಲು ಹೇಳ್ಲಿ" ಎಂದು ತಡೆಯುತ್ತಿದ್ದರು. ಆ ಮಾತು ನಾಲಿಗೆಗೆ ಎಷ್ಟು ಅಂಟಿತ್ತೆಂದರೆ, ಅಡುಗೆಗೆ ಉಪ್ಪು ಸರಿಯಿದೆಯಾ ಎಂದು ಸೊಸೆ ಕೇಳಿದಾಗಲೂ ಬಾಯಿತಪ್ಪಿ "ಕಲ್ಲು ಹೇಳ್ಲಿ" ಎಂದುಬಿಟ್ಟು, ಅವಳು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರೆ ಸಿಡಿಮಿಡಿಗೊಳ್ಳುತ್ತಿದ್ದರು.

ಚಿನ್ನದ ಒರೆಗೆ ಇಷ್ಟೊಂದು ಗಾಂಭೀರ್ಯವೇಕೆ ಎಂದು ಹೊಟ್ಟೆ ತುಂಬಿದವರು ಕೇಳಬಹುದು. ಅವರ ಹೊಸ್ತಿಲಲ್ಲಿ ಕೂತವರು ಹಾಗೆ ಕೇಳುತ್ತಿರಲಿಲ್ಲ. ಬಹುಪಾಲು ಹೆಂಗಸರು, ಗಂಡನ ಆಪರೇಷನ್ನಿಗೋ ಮಗಳ ಓದಿಗೋ ಮೈಮೇಲಿನದನ್ನು ಬಿಚ್ಚಿ ತಂದವರು. ಇಡೀ ಮನೆಯಲ್ಲಿ ತನ್ನದೆಂದು ಹೇಳಿಕೊಳ್ಳಬಹುದಾದ ಒಂದೇ ವಸ್ತು ಎಷ್ಟು ನಿಜ, ಎಷ್ಟು ಸುಳ್ಳು ಎಂಬುದು ಆ ಗೆರೆಯಲ್ಲಿ ತೀರ್ಮಾನವಾಗುತ್ತಿತ್ತು. ಅವರು ಉಸಿರು ಬಿಗಿಹಿಡಿದು ನೋಡುತ್ತಿದ್ದುದು ಕಲ್ಲನ್ನಲ್ಲ, ಒರೆಯಪ್ಪನವರ ಹುಬ್ಬನ್ನು.

ಈ ವಿದ್ಯೆಯಲ್ಲಿ ಕಣ್ಣಿಗೊಂದು ಊರುಗೋಲಿದೆ. ಶುದ್ಧತೆ ಗೊತ್ತಿರುವ ಚಿನ್ನವನ್ನು ತುದಿಗೆ ಬೆಸೆದ ಕಡ್ಡಿಗಳ ಒಂದು ಕಟ್ಟು. ಒಡವೆಯ ಗೆರೆಯ ಪಕ್ಕದಲ್ಲಿ ಕಡ್ಡಿಯ ಗೆರೆ ಎಳೆದು ಎರಡನ್ನೂ ಹೋಲಿಸಬೇಕು. ಒರೆಯಪ್ಪನವರ ತಂದೆ ಕೊನೆಯವರೆಗೂ ಹಾಗೇ ಮಾಡಿದವರು. ಇವರೋ, ಕಡ್ಡಿಗಳನ್ನು ಡಬ್ಬಿಯಲ್ಲಿಟ್ಟು ಅಟ್ಟಕ್ಕೇರಿಸಿದ್ದರು. "ಕಣ್ಣಿಲ್ಲದವರಿಗೆ ಕಡ್ಡಿ" ಎನ್ನುವುದು ಅವರ ಜಂಬ. ಒಳ್ಳೆಯ ಮನುಷ್ಯರಿಗೂ ಎಲ್ಲೋ ಒಂದು ಕಡೆ ಕೊಬ್ಬು ಸೇರಿಕೊಂಡಿರುತ್ತದೆ, ಇವರಿಗೆ ಅದು ಕಣ್ಣಿನಲ್ಲಿತ್ತು.

ಅದೇ ಬೀದಿಯ ತುದಿಯಲ್ಲಿ ಎಡಗೈಯಲ್ಲಿ ಕೆಲಸ ಮಾಡುವ ಅಕ್ಕಸಾಲಿಗನೊಬ್ಬನಿದ್ದ. ಎಲ್ಲರ ಬಾಯಲ್ಲೂ ಅವನು ಎಡಚ. ಎಳ್ಳುಕಾಳಿನಷ್ಟು ಸಣ್ಣ ಕೊಂಡಿಗಳನ್ನು ಒಂದಕ್ಕೊಂದು ಹೆಣೆದು ಅವನು ಮಾಡುತ್ತಿದ್ದ ಸರ ಕೈಗೆತ್ತಿಕೊಂಡರೆ ನೀರಿನ ಹಾಗೆ ಜಾರುತ್ತಿತ್ತು. ಕೊಂಡಿ ಗಟ್ಟಿಯಾಗಿ ನಿಲ್ಲಲೆಂದು ಅವನು ಬೆರೆಸುವ ಅಷ್ಟಿಷ್ಟು ಬೆರಕೆಯಲ್ಲಿ ಬೆಳ್ಳಿ ಬಿಟ್ಟು ಬರೀ ತಾಮ್ರ ಹಾಕುತ್ತಿದ್ದ. ಪ್ರಮಾಣ ಎಂದೂ ತಪ್ಪುತ್ತಿರಲಿಲ್ಲ. ಬಣ್ಣ ಮಾತ್ರ ಒಂದೆಳೆ ಕೆಂಪು. ಅಂಥದ್ದೊಂದು ಸರವನ್ನು ಶಾಲೆಯ ಟೀಚರಮ್ಮ ಮಾಡಿಸಿಕೊಂಡು, ಯಾವ ಅನುಮಾನವೂ ಇಲ್ಲದೆ, ಸುಮ್ಮನೆ ಒಂದು ಮಾತು ಕೇಳಿಬಿಡೋಣವೆಂದು ಒರೆಯಪ್ಪನವರ ಬಾಗಿಲಿಗೆ ತಂದರು. ಆ ಹೊತ್ತಿಗೆ ಒರೆಯಪ್ಪನವರು ಲಾಂಡ್ರಿಯವನ ಮೇಲೆ ಹರಿಹಾಯುತ್ತಿದ್ದರು. ಒಗೆಯಲು ಕೊಟ್ಟ ಬಿಳಿ ಅಂಗಿಗಳನ್ನೆಲ್ಲ ಹಳದಿ ಮಾಡಿ ತರುತ್ತಾನೆಂಬುದು ಅವರ ಹಳೆಯ ತಕರಾರು. ಜಗಳ ಮುಗಿಸಿ, ಗೆರೆ ಎಳೆದು, ಹುಬ್ಬು ಗಂಟಿಕ್ಕಿ ಅವರು ಎಂದದ್ದು ಇಷ್ಟೇ: "ತಾಮ್ರ ಜಾಸ್ತಿ ಇದೆ, ಟೀಚರಮ್ಮ."

ಸುದ್ದಿ ಕಿವಿಗೆ ಬಿದ್ದ ಎಡಚ ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟು ಓಡಿಬಂದ. "ಒಂದೇ ಒಂದ್ಸಲ ಕಡ್ಡಿ ಇಟ್ಟು ನೋಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದ. ಒರೆಯಪ್ಪನವರು ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗಿಳಿಸಿದರು. ಅವರು ಕೆಟ್ಟವರಾಗಿರಲಿಲ್ಲ, ತಾವು ಕಂಡದ್ದನ್ನೇ ಹೇಳಿದ್ದರು. ಎಡಚ ಹೆಂಡತಿಯ ಬಳೆ ಕರಗಿಸಿ ಟೀಚರಮ್ಮನಿಗೆ ಅಷ್ಟೇ ತೂಕದ ಚಿನ್ನ ಕೊಟ್ಟು, ಸರವನ್ನು ಹಿಂದಕ್ಕೆ ಪಡೆದ. ಅಲ್ಲಿಗೆ ಬೀದಿ ಗುಸುಗುಸು ಶುರುಮಾಡಿತು, ಕೊಟ್ಟ ಕೆಲಸವನ್ನು ಒಬ್ಬೊಬ್ಬರೇ ಹಿಂದಕ್ಕೆ ಪಡೆದರು. ಕೆಲವು ತಿಂಗಳಲ್ಲೇ ಅವನು ಮುರಿದ ಛತ್ರಿಯ ಕಡ್ಡಿ, ಬೀಗದ ಕೊಂಡಿ, ಕೆಟಲಿನ ಹಿಡಿ ಬೆಸೆದು ಹೊಟ್ಟೆ ಹೊರೆಯುವ ಸ್ಥಿತಿಗೆ ಬಂದ.

ಇತ್ತ ಒರೆಯಪ್ಪನವರ ಕೀರ್ತಿ ಬೆಳೆಯಿತು. ವರ್ಷದಿಂದ ವರ್ಷಕ್ಕೆ ಅವರ ತೀರ್ಪು ಬಿಗಿಯಾಗುತ್ತ ಹೋಯಿತು. ಬಂದ ಒಡವೆಗೆಲ್ಲ ಶುದ್ಧತೆಯನ್ನು ಕೊಂಚ ಕಡಿಮೆಯೇ ಹೇಳುತ್ತಿದ್ದರು. "ಈಗಿನ ಚಿನ್ನದಲ್ಲಿ ಮೊದಲಿನ ಕಳೆ ಇಲ್ಲ" ಎಂದು ಗೊಣಗುತ್ತಿದ್ದರು. ಅಬ್ಬಾ, ಎಂಥ ಕಟ್ಟುನಿಟ್ಟಿನ ಮನುಷ್ಯ ಎಂದು ಜನ ಕೈಮುಗಿದರು. ಕಣ್ಣು ಮಂಜಾದಷ್ಟೂ ಅವರ ಹೆಸರು ಬೆಳಗಿತು. ಈಗ ನೆನೆದರೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ.

ಕೊನೆಗೊಂದು ದಿನ ಮೆಟ್ಟಿಲೆಂದು ತಿಳಿದು ಚರಂಡಿಗೆ ಕಾಲಿಟ್ಟು ಬಿದ್ದ ಮೇಲೆ, ಸೊಸೆ ಹಟ ಹಿಡಿದು ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಳು. ಎರಡು ಕಣ್ಣಿಗೂ ಪೊರೆ. ಮೊದಲು ಬಲಗಣ್ಣಿನದನ್ನು ತೆಗೆದರು. ಪಟ್ಟಿ ಬಿಚ್ಚಿದಾಗ ಅವರು ಸುತ್ತಲೂ ನೋಡಿ, "ಗೋಡೆಗೆ ಯಾವಾಗ ಸುಣ್ಣ ಹೊಡೆಸಿದ್ರಿ?" ಎಂದು ಕೇಳಿದರು. ಡಾಕ್ಟರು ನಕ್ಕು, "ಗೋಡೆ ಹಾಗೇ ಇದೆ ಅಜ್ಜ. ಪೊರೆ ಬಲಿತರೆ ಲೋಕವೆಲ್ಲ ಟೀ ಬಣ್ಣಕ್ಕೆ ತಿರುಗುತ್ತೆ. ನಿಧಾನಕ್ಕೆ ಆಗೋದ್ರಿಂದ ಗೊತ್ತೇ ಆಗಲ್ಲ" ಎಂದರು. ಸೊಸೆಯೂ ನಕ್ಕಳು. ಒರೆಯಪ್ಪನವರು ನಗಲಿಲ್ಲ.

ಮನೆಗೆ ಬಂದವರು ಬೀರು ತೆರೆದು ಅಂಗಿಗಳನ್ನು ಹೊರಗೆಳೆದರು. ಒಂದೊಂದೂ ಹಾಲಿನಷ್ಟು ಬೆಳ್ಳಗಿತ್ತು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದರೆ ಅದೇ ಹಳದಿ, ಅದೇ ಕೊಳೆ. ಕೋಟಿನಿಂದ ಕಲ್ಲು ತೆಗೆದು, ಬಾಗಿಲ ಬೆಳಕಿಗೆ ಬಂದು, ತಂದೆಯ ಉಂಗುರವನ್ನು ಉಜ್ಜಿದರು, ಅದರ ಶುದ್ಧತೆ ಅವರಿಗೆ ಬಾಲ್ಯದಿಂದಲೇ ಗೊತ್ತಿತ್ತು. ಬಲಗಣ್ಣಿಗೆ ಕಂಡದ್ದು ತಂದೆ ತೋರಿಸಿಕೊಟ್ಟಿದ್ದ ಆ ತಿಳಿಯಾದ ಹೊನ್ನು. ಎಡಗಣ್ಣಿಗೆ ಕಂಡದ್ದು ಮಾಸಲು ಕೆಂಪು, ಸಂಶಯವೇ ಇಲ್ಲದ ತಾಮ್ರ. ಲಾಂಡ್ರಿಯವನನ್ನು ಬೈಯುತ್ತಿದ್ದ ಆ ಬೆಳಗ್ಗೆ, ಟೀಚರಮ್ಮ ಕಾದು ನಿಂತಿದ್ದದ್ದು, ಆಮೇಲೆ ಓಡಿಬಂದವನ ಮುಖ, ಎಲ್ಲವೂ ಒಟ್ಟಿಗೆ ನೆನಪಾಗಿ ಅವರು ಹೊಸ್ತಿಲ ಮೇಲೇ ಕೂತುಬಿಟ್ಟರು.

ವಿಷಯ ಸೊಸೆಗೂ ತಿಳಿಯಿತು. ಕಸುಬು ಹೋದರೆ ಮಾವ ಒಂದು ವಾರವೂ ಬದುಕಲಾರರೆಂದು ಅವಳಿಗೆ ಗೊತ್ತಿತ್ತು. ಮೆಲ್ಲಗೆ ಅಂದಳು: "ಆಗಿದ್ದು ಆಗಿ ಹೋಯ್ತು ಮಾವ. ನೀವಾಗಿ ಹೇಳಿದ್ರೆ ನಾಳೆಯಿಂದ ಯಾರು ನಿಮ್ಮ ಮಾತು ನಂಬ್ತಾರೆ? ಹೇಗಿದ್ರೂ ಇದು ಯಾರಿಗೂ ಗೊತ್ತಿಲ್ಲ."

"ಎಡಚನಿಗೆ ಗೊತ್ತಲ್ಲಮ್ಮ" ಎಂದರು ಒರೆಯಪ್ಪನವರು. "ಅವತ್ತಿಂದಲೂ ಗೊತ್ತು."

ಮಾರನೆಯ ದಿನ, ಬೀದಿ ತುಂಬಿ ಹರಿಯುವ ಹೊತ್ತನ್ನೇ ನೋಡಿ, ಅಟ್ಟದಿಂದ ಇಳಿಸಿದ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು, ಮೊದಲು ಟೀಚರಮ್ಮನ ಮನೆಗೆ ಹೋಗಿ ಅವರನ್ನೂ ಕರೆದುಕೊಂಡು ಎಡಚನ ಅಂಗಡಿಗೆ ನಡೆದರು. ಅವನು ಕೆಟಲಿನ ಹಿಡಿ ಬೆಸೆಯುತ್ತಿದ್ದ, ತಲೆಯೆತ್ತಲಿಲ್ಲ.

"ಆ ಸರ..." ಎಂದರು ಒರೆಯಪ್ಪನವರು.

"ಇದೆ. ಕರಗಿಸ್ಲಿಲ್ಲ."

"ಇಷ್ಟು ಕಷ್ಟದಲ್ಲೂ?"

"ಕರಗಿಸಿಬಿಟ್ಟಿದ್ರೆ ನೀವು ಹೇಳಿದ್ದೇ ಉಳ್ಕೊಳ್ತಿತ್ತು."

ಅವನ ಹೆಂಡತಿ ಒಳಗಿನಿಂದ ಸರ ತಂದು, ಒರೆಯಪ್ಪನವರ ಮುಖ ನೋಡದೆ, ಹಲಗೆಯ ಮೇಲಿಟ್ಟಳು. ಸುತ್ತ ಜನ ಸೇರಿತ್ತು. ಅವರು ಸರದ ಗೆರೆ ಎಳೆದರು, ತಾಮ್ರ ಬೆರಕೆಯ ಕಡ್ಡಿಗಳಲ್ಲಿ ಸರಿಯಾದದ್ದನ್ನು ಆರಿಸಿ ಪಕ್ಕದಲ್ಲೇ ಇನ್ನೊಂದು ಗೆರೆ ಎಳೆದರು, ಎರಡರ ಮೇಲೂ ಆಮ್ಲ ಹಾಯಿಸಿ ಕಲ್ಲನ್ನು ಟೀಚರಮ್ಮನ ಕೈಗಿಟ್ಟರು. "ನಾನು ಹೇಳೋದಿಲ್ಲ. ನೀವೇ ನೋಡಿ." ಕಲ್ಲು ಕೈಯಿಂದ ಕೈಗೆ ಹೋಯಿತು. ಯಾವ ಗೆರೆ ಯಾವುದರದ್ದೆಂದು ಹೇಳಲು ಯಾರಿಗೂ ಸಾಧ್ಯವಾಗಲಿಲ್ಲ. ಆಗ ಅವರು ಎಲ್ಲರಿಗೂ ಕೇಳುವಂತೆ ಹೇಳಿದರು: "ಇವರ ಚಿನ್ನ ಅವತ್ತೂ ಸರಿಯಿತ್ತು. ನನ್ನ ಕಣ್ಣಿಗೆ ಪೊರೆ ಬಂದಿತ್ತು. ಕಡ್ಡಿ ಇಡಿ ಅಂತ ಬೇಡ್ಕೊಂಡ್ರು, ನಾನು ಇಡ್ಲಿಲ್ಲ."

ಟೀಚರಮ್ಮ ಕಣ್ಣೊರೆಸಿಕೊಂಡು, "ನನಗೆ ಇಂಥದ್ದೇ ಇನ್ನೊಂದು ಮಾಡ್ಕೊಡ್ತೀರಾ?" ಎಂದು ಕೇಳಿದರು. ಎಡಚ ಆಗ ಮೊದಲ ಬಾರಿಗೆ ತಲೆಯೆತ್ತಿ ತನ್ನ ಎಡಗೈಯನ್ನು ಮುಂದೆ ಹಿಡಿದ. ಛತ್ರಿ ಕಡ್ಡಿ ಬಗ್ಗಿಸಿ, ಕೆಟಲು ಕಾಯಿಸಿ, ಬೆರಳುಗಳು ಊದಿ ಜಡ್ಡುಗಟ್ಟಿದ್ದವು. "ಈ ಕೈಗೆ ಇನ್ನು ಅಷ್ಟು ಸಣ್ಣ ಕೊಂಡಿ ಬಗ್ಗೋದಿಲ್ಲ ಟೀಚರಮ್ಮ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒರೆಯಪ್ಪನವರಿಗೆ ಎಷ್ಟೋ ಹಗುರವಾಗುತ್ತಿತ್ತು.

ಸೊಸೆ ಹೆದರಿದ್ದಂತೆ ಜನ ಬರುವುದು ಕಡಿಮೆಯಾಯಿತು. ಬಂದ ಕೆಲವರಿಗೆ ಅವರು ಕಡ್ಡಿಯಿಟ್ಟು ಹೋಲಿಸಿ, ಮೊದಲು ಅವರಿಗೇ ತೋರಿಸಿ, ಆಮೇಲೆ ಬಾಯಿ ತೆರೆಯುತ್ತಿದ್ದರು. ವಾರಕ್ಕೊಮ್ಮೆ ಎಡಚನ ಅಂಗಡಿಯ ಮುಂದೆ ನಿಂತು ಏನಾದರೂ ಬೆಸೆಯಲು ಕೊಡುತ್ತಿದ್ದರು. ಅವನು ಬೆಸೆದು ಕೊಡುತ್ತಿದ್ದ. ಇಬ್ಬರ ನಡುವೆ ಅದಕ್ಕಿಂತ ಹೆಚ್ಚು ಮಾತು ಬೆಳೆಯಲಿಲ್ಲ.

ಚಿನ್ನಕ್ಕೆ ತಪ್ಪು ತೀರ್ಪು ತಗಲುವುದಿಲ್ಲ. ತಾಮ್ರವೆಂದು ಹಳಿದು ಪೆಟ್ಟಿಗೆಯ ಕತ್ತಲಿಗೆ ಎಸೆದರೂ, ಮತ್ತೆ ತೆರೆದ ದಿನ ಅದು ಇದ್ದ ಹಾಗೇ ಇರುತ್ತದೆ. ಮನುಷ್ಯನಿಗೆ ಆ ಭಾಗ್ಯವಿಲ್ಲ. ಒಮ್ಮೆ ಕಡಿಮೆಯವನೆಂದು ಕರೆಸಿಕೊಂಡವನನ್ನು ಬದುಕು ಮೆಲ್ಲಗೆ ಅದಕ್ಕೆ ತಕ್ಕ ಕೆಲಸಕ್ಕೆ ಹಚ್ಚಿ, ಅದಕ್ಕೆ ತಕ್ಕ ಕೈಯನ್ನೇ ಕೊಡುತ್ತದೆ. ಒಂದು ಮಾತಿನಿಂದ ಇನ್ನೊಬ್ಬರ ಬೆಲೆ ಕಟ್ಟುವ ಅಧಿಕಾರ ಪಡೆದವರು ಲೋಕದಲ್ಲಿ ಬಹಳ ಮಂದಿ. ಅವರಲ್ಲಿ ತಮ್ಮ ಕಣ್ಣಿನ ಪೊರೆಯನ್ನು ನಡುಬೀದಿಯಲ್ಲಿ ಒಪ್ಪಿಕೊಂಡವರು ವಿರಳ, ಅದಕ್ಕೇ ಅವರು ದೊಡ್ಡವರು. ಆದರೆ ಅಂಥವರು ರಾತ್ರಿ ನಿಶ್ಚಿಂತೆಯಿಂದ ಮಲಗುತ್ತಾರೆಂದು ತಿಳಿಯಬೇಡಿ. ಆಡಿದ ಮಾತನ್ನು ಅವರು ಹಿಂದಕ್ಕೆ ಪಡೆದಿರುತ್ತಾರೆ, ಆ ಮಾತು ತಿಂದ ವರ್ಷಗಳನ್ನು ಪಡೆದಿರುವುದಿಲ್ಲ.