ಲಂಗದ ಮಡಿಕೆ

ಜಗಳೂರು ಬಿಟ್ಟ ಬಸ್ಸಿನಲ್ಲಿ ನಾಗರತ್ನ ದಾವಣಗೆರೆಗೆ ಹೊರಟಿದ್ದಳು. ಪಕ್ಕದಲ್ಲಿ ಅವಳಿ ಮಕ್ಕಳು, ರಘುನಾಥ ಮತ್ತು ಅರ್ಪಿತಾ. ಇಬ್ಬರಿಗೂ ಅಪ್ಪನಂತೆಯೇ ಕೆಳದವಡೆ ಹಿಂದೆ, ಮೇಲಿನ ಹಲ್ಲು ಮುಂದೆ. ರಘು ಅದನ್ನು ತಲೆಗೆ ಹಚ್ಚಿಕೊಂಡವನಲ್ಲ. ಅರ್ಪಿತಾ ಮಾತ್ರ ನಗುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದವಳು ಈಗೀಗ ನಗುವುದನ್ನೇ ಬಿಟ್ಟಿದ್ದಾಳೆ.

ಮಕ್ಕಳಿಗೆ ಹತ್ತು ವರ್ಷವಿದ್ದಾಗಲೇ ದಾವಣಗೆರೆಯ ಹಲ್ಲಿನ ಡಾಕ್ಟರು ಹೇಳಿದ್ದರು: ಸರಸರ ಎತ್ತರ ಆಗುವಾಗ ದವಡೆಯೂ ಬೆಳೆಯುತ್ತದೆ, ಆಗ ಹಲ್ಲಿಗೆ ಕ್ಲಿಪ್ ಹಾಕಿದರೆ ಕೆಳದವಡೆ ಮುಂದೆ ಬರುತ್ತದೆ, ಆ ಹೊತ್ತು ತಪ್ಪಿಸಬೇಡಿ. ತಪ್ಪಿಸುವವಳೇ ಅಲ್ಲ ನಾಗರತ್ನ. ಊರಿನ ಅರ್ಧ ಮಕ್ಕಳ ಯೂನಿಫಾರ್ಮ್ ಹೊಲಿಯುವ ಟೈಲರ್. ಮಗು ಬೆಳೆದದ್ದನ್ನು ಟೇಪು ಹಿಡಿಯದೆ ಹೇಳುತ್ತೇನೆಂಬ ಜಂಬ ಬೇರೆ. ಒಟ್ಟಿಗೆ ಹುಟ್ಟಿದವರು ಒಟ್ಟಿಗೇ ಬೆಳೆಯುತ್ತಾರೆಂದು ರಘುವಿನ ಪ್ಯಾಂಟಿನ ಮೇಲೆ ಕಣ್ಣಿಟ್ಟು ಕಾದಳು. ನಾಲ್ಕನೇ ವರ್ಷ, ಮಕ್ಕಳಿಗೆ ಹದಿನಾಲ್ಕಾದಾಗ, ಅದು ಇದ್ದಕ್ಕಿದ್ದಂತೆ ಗಿಡ್ಡವಾಯಿತು. ಖುಷಿಯಿಂದಲೇ ಹೊರಟವಳಿಗೆ ಬಾಗಿಲಲ್ಲಿ ಅತ್ತೆ ಉಚ್ಚಂಗಮ್ಮ ಅಂದ ಮಾತು ಈಗ ಚುಚ್ಚುತ್ತಿತ್ತು.

"ಅವ್ನು ಈಗ ಬೆಳೀತಾನೆ ಸರಿ. ಇವ್ಳು ಬೆಳೆದು ಯಾವ ಕಾಲ ಆತು?"

ಆಸ್ಪತ್ರೆಯಲ್ಲಿ ಡಾಕ್ಟರು ಇಬ್ಬರ ಕೈಗೂ ಎಕ್ಸ್-ರೇ ತೆಗೆಸಿದರು. ಮೂಳೆ ಇನ್ನೆಷ್ಟು ಬೆಳೆಯುತ್ತದೆಂದು ಅದರಲ್ಲಿ ಕಾಣುತ್ತದಂತೆ. ರಘುವಿನದನ್ನು ನೋಡಿ ತಲೆಯಾಡಿಸಿದರು, ಸರಿಯಾದ ಹೊತ್ತಿಗೆ ಬಂದಿದ್ದೀರಿ ಎಂದರು. ಅರ್ಪಿತಾಳದನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದರು.

ಹೆಣ್ಣುಮಕ್ಕಳ ಬೆಳವಣಿಗೆ ಒಂದೆರಡು ವರ್ಷ ಮೊದಲೇ ಬಂದು ಮೊದಲೇ ನಿಲ್ಲುತ್ತದೆ, ಅವಳಿಯಾದರೂ ಅಷ್ಟೇ, ಎಂದು ಡಾಕ್ಟರು ಮೆಲ್ಲಗೆ ವಿವರಿಸಿದರು. ಇವಳದು ಮುಗಿದಿದೆ. ಹಲ್ಲು ನೇರ ಮಾಡಬಹುದು, ದವಡೆಗೆ ಮುಂದೆ ಹದಿನೆಂಟು ದಾಟಿದ ಮೇಲೆ ಆಪರೇಷನ್ನೇ ಗತಿ.

"ಇವ್ಳು ಎತ್ತರ ಆಗಿದ್ದು ಗೊತ್ತೇ ಆಗ್ಲಿಲ್ಲ ಮೇಡಂ," ಎಂದಳು ನಾಗರತ್ನ. "ಬಟ್ಟೆ ಗಿಡ್ಡ ಆಗಿದ್ರೆ ತಿಳೀತಿತ್ತು."

ಹೆಣ್ಣುಮಕ್ಕಳ ಲಂಗಕ್ಕೆ ಅವಳು ಒಳಗಡೆ ನಾಲ್ಕು ಬೆರಳು ಮಡಿಕೆ ಬಿಟ್ಟೇ ಹೊಲಿಯುತ್ತಾಳೆ. ಬೆಳೆದಂತೆಲ್ಲ ಬಿಚ್ಚಿ ಇಳಿಸಿದರೆ ಒಂದೇ ಲಂಗ ಮೂರು ವರ್ಷ ಬರುತ್ತದೆ.

ಅರ್ಪಿತಾ ತನ್ನ ಲಂಗದ ಅಂಚನ್ನು ನೋಡಿದಳು. ಹಳೆಯ ಮಡಿಕೆಗಳ ಗೆರೆಗಳು ಒಂದರ ಮೇಲೊಂದು ಹಾಗೇ ಉಳಿದಿದ್ದವು.

"ಗಿಡ್ಡ ಆದಾಗೆಲ್ಲ ನೀನೇ ಬಿಚ್ಚಿ ಇಳಿಸ್ತಿದ್ದೆಯಲ್ಲವ್ವ," ಎಂದಳು, ಬಾಯಿಗೆ ಕೈ ಅಡ್ಡ ಹಿಡಿದುಕೊಂಡೇ.