ಕತ್ತಿ ಹಿಡಿದ ಕೈ ನಡುಗಿದರೆ

ಗಡಿಯಾರ ರಿಪೇರಿ ಮಾಡುವ ತಾತ ಅರ್ಧ ಕೆನ್ನೆಯ ನೊರೆ ಒರೆಸಿಕೊಂಡು ಸಲೂನಿನ ಕುರ್ಚಿಯಿಂದ ಎದ್ದೇಬಿಟ್ಟ.

"ಕೈ ನಡುಗಿದ್ರೆ ನನ್ನ ಕಸುಬಲ್ಲಿ ಒಂದು ಸ್ಕ್ರೂ ಬೀಳತ್ತೆ. ನಿನ್ನ ಕಸುಬಲ್ಲಿ ನನ್ನ ಕುತ್ತಿಗೆ ಬೀಳತ್ತೆ ಕಣಯ್ಯ. ಬೆಳಿಗ್ಗೆಯೇ ಏರಿಸಿದೀಯಾ?"

ಸಲೂನಿನವನು ಕುಡಿಯುವವನಲ್ಲ. ಆದರೆ ನಂಬುವವರು ಯಾರು? ಅಂಗೈ ಬೆವರುತ್ತಿತ್ತು, ಎದೆ ಡವಡವ ಎನ್ನುತ್ತಿತ್ತು, ಇಬ್ಬರ ಊಟ ಒಬ್ಬನೇ ಉಂಡರೂ ಮೈ ಕಡ್ಡಿಯಾಗಿತ್ತು. ಹೆಂಡತಿ ಬಾಯಿ ಮೂಸಿ ನೋಡಿದಳು. ವಾಸನೆ ಸಿಗಲಿಲ್ಲ. ಅಷ್ಟಕ್ಕೇ ನಂಬದೆ, ಅಂಚಿನವರೆಗೆ ನೀರು ತುಂಬಿದ ಲೋಟವನ್ನು ಅವನ ಕೈಗೆ ಕೊಟ್ಟಳು. ಅರ್ಧ ನೀರು ನೆಲಕ್ಕೆ ಹೋಯಿತು.

ರಕ್ತ ಪರೀಕ್ಷೆಯಲ್ಲಿ ಕಾರಣ ಸಿಕ್ಕಿತು. ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿತ್ತು. ಒಂದೂವರೆ ವರ್ಷ ಮಾತ್ರೆ ನುಂಗಿದ. ನಿಲ್ಲಿಸಿದ ಮೇಲೆ ನಡುಕ ಮತ್ತೆ ಬಂತು. ಡಾಕ್ಟರು ವಿಕಿರಣವಿರುವ ಅಯೋಡಿನ್ ಗುಳಿಗೆ ಕೊಡೋಣ ಎಂದರು.

ವಿಕಿರಣ ಎಂಬ ಮಾತು ಕೇಳಿದ್ದೇ ತಡ, ಹೆಂಡತಿ ಗಂಡನನ್ನು ಎಳೆದುಕೊಂಡು ಮಹಡಿ ಮೇಲಿನ ನರ್ಸಕ್ಕನ ಮನೆಗೆ ಹೋದಳು. ಆಕೆ ಅದೇ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಳು.

"ಅಕ್ಕ, ಆ ಗುಳಿಗೆ ಸೀಸದ ಡಬ್ಬೀಲಿ ಬರತ್ತಂತೆ. ಕೊಡೋರೇ ದೂರ ನಿಲ್ತಾರಂತೆ. ಅಷ್ಟು ಒಳ್ಳೇದಾದ್ರೆ ಅವರ್ಯಾಕೆ ಹೆದರ್ತಾರೆ?"

"ನಿನ್ನ ಗಂಡ ನುಂಗೋದು ಬಹುಶಃ ಒಂದೇ ಸಲ. ನಾವು ವರ್ಷವಿಡೀ ಅದರ ಪಕ್ಕದಲ್ಲೇ ಇರ್ತೀವಿ. ನಮಗಿಲ್ದೇ ಇರೋ ರೋಗಕ್ಕೆ ನಾವ್ಯಾಕೆ ಮದ್ದು ತಗೋಬೇಕು?"

"ಮಗೂನ ಹತ್ರ ಬಿಡಬೇಡಿ ಅಂದ್ರು. ಮಗೂಗೆ ಆಗದ್ದು ಅಪ್ಪಂಗೆ ಹೆಂಗಾಗತ್ತೆ?"

"ಅಪ್ಪನ ಗ್ರಂಥಿ ಹದ್ದು ಮೀರಿದೆ. ಅಯೋಡಿನ್ ಕಂಡ್ರೆ ಅದು ಗಬಗಬ ಎಳ್ಕೊಳ್ಳತ್ತೆ, ಆಗ ವಿಕಿರಣ ಅದನ್ನ ಒಳಗಿಂದಲೇ ಸುಡತ್ತೆ. ಉಳಿದಿದ್ದು ಹೆಚ್ಚಾಗಿ ಮೂತ್ರದಲ್ಲಿ ಹೋಗತ್ತೆ. ಮಗೂದು ಚೆನ್ನಾಗಿರೋ ಗ್ರಂಥಿ, ಇನ್ನೂ ಬೆಳೀತಿದೆ. ಅದಕ್ಕೆ ಯಾಕೆ ತಾಗಿಸಬೇಕು?"

ಅನುಮಾನ ಹೋಗದ ಮುಖದಲ್ಲೇ ಹೆಂಡತಿ ಆಸ್ಪತ್ರೆಯ ಚೀಟಿ ಮುಂದೆ ಹಿಡಿದಳು. ನರ್ಸಕ್ಕ ಅದನ್ನು ಓದುತ್ತಾ ಹುಬ್ಬು ಗಂಟಿಕ್ಕಿದಳು.

"ಮೂರು ದಿನ ಬಿಟ್ಟು ಕೆಲಸಕ್ಕೆ ಹೋಗಬಹುದು, ಜನರಿಂದ ಒಂದು ಮಾರು ದೂರ ಇರಿ ಅಂತಿದೆ. ಏನ್ ಕೆಲಸ ಅಂತ ಹೇಳಿದ್ಯಪ್ಪಾ?"

"ವ್ಯಾಪಾರ," ಎಂದ ಸಲೂನಿನವನು, ಗೋಡೆ ನೋಡುತ್ತಾ. "ಸಲೂನು ಅಂದ್ರೆ ತಿಂಗಳುಗಟ್ಟಲೆ ಬಾಗಿಲು ಹಾಕಿಸಿಬಿಡ್ತಾರೇನೋ ಅಂತ ಅನುಮಾನ ಬಂತಕ್ಕ."

"ಒಂದು ಮಾರು ದೂರ ನಿಂತು ಗಡ್ಡ ಕೆರೆಯೋಕೆ ನಿನ್ನ ಕೈಯೇನು ಬಿದಿರು ಗಳುವೇ? ಅವರು ದಿನ ಲೆಕ್ಕ ಹಾಕೋದೇ ನೀನು ಹೇಳಿದ್ದರ ಮೇಲೆ. ದಿನವಿಡೀ ಜನರ ಮುಖಕ್ಕೆ ಮುಖ ಕೊಟ್ಟು ನಿಲ್ಲೋನು ನೀನು. ಸಣ್ಣ ಮಕ್ಕಳ ತಲೇನೂ ಕತ್ತರಿಸ್ತೀಯ."

ಮರುದಿನ ಹೆಂಡತಿಯೇ ಅವನ ಜೊತೆ ಹೋಗಿ ಡಾಕ್ಟರ ಮುಂದೆ, "ಸಾರ್, ಇವರು ಸುಳ್ಳು ಹೇಳಿದಾರೆ," ಎಂದಳು. ಮೂರು ದಿನ ಹನ್ನೊಂದಾಯಿತು. ಮೂರು ವರ್ಷದ ಮಗಳು ಅಪ್ಪನ ಎದೆ ಮೇಲೆ ಮಲಗುತ್ತಾಳೆಂದು ತಿಳಿದ ಮೇಲೆ, ಅವಳನ್ನು ಮೂರು ವಾರ ಚಿಕ್ಕಮ್ಮನ ಮನೆಯಲ್ಲಿ ಬಿಡಲು ಹೇಳಿದರು.

ಗುಳಿಗೆ ನುಂಗಿದ್ದಾಯಿತು. ಬೇರೆ ಹಾಸಿಗೆ, ಬೇರೆ ತಟ್ಟೆ ಲೋಟ, ಕುಡಿಯಲು ಸಾಕಷ್ಟು ನೀರು. ಪಾಯಿಖಾನೆಗೆ ಎರಡೆರಡು ಸಲ ನೀರು. ಹೆಂಡತಿ ದಿನಾ ಬೆಳಿಗ್ಗೆ ಬಾಗಿಲಲ್ಲೇ ನಿಂತು ಅವನ ದಿಂಬು ನೋಡುತ್ತಿದ್ದಳು.

"ಏನ್ ಹುಡುಕ್ತೀಯೇ?"

"ಕೂದಲು ಉದುರಿದೆಯಾ ಅಂತ."

"ಉದುರಿದ್ರೆ ನಾನೇ ಗುಡಿಸ್ತೀನಿ ಬಿಡು. ಅಭ್ಯಾಸ ಇದೆ."

ಉದುರಲಿಲ್ಲ. ಆದರೆ ತಿಂಗಳಾದರೂ ನಡುಕ ನಿಲ್ಲಲಿಲ್ಲ. "ಮೋಸ!" ಎಂದು ಹೆಂಡತಿ ಮಹಡಿ ಹತ್ತಿದಳು. ಎರಡು ಮೂರು ತಿಂಗಳು ಹಿಡಿಯಬಹುದು, ಕೆಲವರಿಗೆ ಇನ್ನೊಂದು ಸಲ ಕೊಡಬೇಕಾಗಬಹುದು ಎಂದಳು ನರ್ಸಕ್ಕ. ಮೂರನೆಯ ತಿಂಗಳು ಹೆಂಡತಿ ಮತ್ತೆ ಲೋಟ ತುಂಬಿಸಿ ಕೊಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಅವಳು ಇನ್ನೊಂದು ಲೋಟ ತುಂಬಿಸಿ ಎಡಗೈಗೂ ಕೊಟ್ಟಳು.

ಆಮೇಲೆ ಗ್ರಂಥಿ ತೀರಾ ಮಂದವಾಯಿತು. ಹೀಗಾಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ಈಗ ಆ ಕೊರತೆ ತುಂಬಲು ದಿನಕ್ಕೊಂದು ಮಾತ್ರೆ, ಬಹುಶಃ ಜೀವನಪೂರ್ತಿ.

ಒಂದು ಬೆಳಿಗ್ಗೆ ಗಡಿಯಾರದ ತಾತ ಬಂದು ಕುರ್ಚಿಯ ತುದಿಯಲ್ಲಿ ಕೂತ.

"ಏನಯ್ಯ, ಇವತ್ತು ಏರಿಸಿಲ್ಲ ತಾನೆ?"

"ಏರಿಸಿದೀನಿ ತಾತ. ಖಾಲಿ ಹೊಟ್ಟೇಲಿ, ಒಂದು ಮಾತ್ರೆ."

ಮೊದಲ ಕೆನ್ನೆ ಮುಗಿಯುವವರೆಗೆ ತಾತ ಕನ್ನಡಿಯಲ್ಲಿ ಕತ್ತಿಯನ್ನೇ ನೋಡುತ್ತಿದ್ದ. ಎರಡನೆಯ ಕೆನ್ನೆಗೆ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ.

ಓದುತ್ತಿರುವವರೇ, ಕೈ ನಡುಗುತ್ತಿದ್ದರೆ, ಎದೆ ಬಡಿದುಕೊಳ್ಳುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಈ ಚಿಕಿತ್ಸೆ ನಿಮಗೆ ಹೊಂದುತ್ತದೆಯೇ ಎಂದು ಡಾಕ್ಟರನ್ನು ಕೇಳಿ, ಎಲ್ಲರಿಗೂ ಹೊಂದುವುದಿಲ್ಲ. ಗರ್ಭಿಣಿಯರು, ಎದೆಹಾಲು ಕುಡಿಸುವವರು ಇದನ್ನು ತೆಗೆದುಕೊಳ್ಳಬಾರದು. ಮಗು ಬೇಕೆನ್ನುವವರು, ಗಂಡಸರೂ ಸೇರಿ, ಎಷ್ಟು ತಿಂಗಳು ಕಾಯಬೇಕೆಂದು ತಿಳಿದುಕೊಳ್ಳಿ. ನಿಮ್ಮ ಕೆಲಸವೇನು, ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದರೆ ಮುಚ್ಚಿಡಬೇಡಿ. ಅನುಮಾನವಿದ್ದರೆ ಆ ಹೆಂಗಸಿನ ಹಾಗೆ ಬಾಯಿ ಬಿಟ್ಟು ಕೇಳಿ.