ನಲವತ್ತಕ್ಕೆ ಒಂಬತ್ತು ಕಮ್ಮಿ

ಹೆಂಡತಿಯ ಉಗುರಿನ ಸಂದಿಯಲ್ಲಿ ಕೂತ ಮೇಣವನ್ನು ಬೆಂಕಿಕಡ್ಡಿಯಿಂದ ಕೆರೆಯುತ್ತಿದ್ದವನ ಕೈಯನ್ನು ನಾದಿನಿ ಹಿಡಿದುಕೊಂಡಳು.

"ಬಿಡಿ ಭಾವ. ಮೂವತ್ತು ವರ್ಷ ಅಂಟಿಕೊಂಡಿದ್ದು ಈಗ ಬಿಡುತ್ತಾ?"

ಅವನು ನಿಲ್ಲಿಸಲಿಲ್ಲ. ಬಸ್ಸಿನಲ್ಲಿ ಟಿಕೆಟ್ ಹರಿದು ಹರಿದು ಒರಟಾದ ಬೆರಳುಗಳಿಂದ ಮುಂದಿನ ಉಗುರನ್ನು ಹಿಡಿದ. ಹೊರಗೆ ಮಂಜು. ಇವತ್ತು ಮೇಣದಬತ್ತಿ ಹಬ್ಬ. ಕ್ರಿಸ್ತ ಹುಟ್ಟಿದ ನಲವತ್ತನೆಯ ದಿನ ತಾಯಿ ಮಗುವನ್ನು ದೇವಾಲಯದಲ್ಲಿ ಒಪ್ಪಿಸಿದ ನೆನಪು. ಹಸುಗೂಸುಗಳನ್ನೆತ್ತಿಕೊಂಡ ತಾಯಂದಿರು ಬತ್ತಿ ಹಿಡಿದು ಸಾಲಾಗಿ ಬಂದು ಫಾದರ್ ಕೈಯಿಂದ ಆಶೀರ್ವಾದ ಪಡೆಯುವ ದಿನ. ಆ ಬತ್ತಿಗಳನ್ನೆಲ್ಲ ಅಚ್ಚಿಗೆ ಹೊಯ್ದು ಕಳಿಸಿದ ಮರುದಿನವೇ ಇವಳು ಒಲೆಯ ಮುಂದೆ ಕುಸಿದು ತೀರಿಕೊಂಡಿದ್ದಳು. ಹಬ್ಬದ ಪೂಜೆ ಮುಗಿದ ಮೇಲೆ ಮಣ್ಣು, ಅಲ್ಲಿಯವರೆಗೆ ಪೆಟ್ಟಿಗೆ ಚರ್ಚಿನ ಜಗಲಿಯಲ್ಲಿರಲಿ ಎಂದಿದ್ದರು ಫಾದರ್.

"ಊರಿಗೆಲ್ಲ ಬೆಳಕು ಮಾಡಿಕೊಟ್ಟೋಳು, ತನ್ನ ಮನೇಲಿ ಬಲ್ಬ್ ಆರಿಸ್ಕೊಂಡು ಕೂರ್ತಿದ್ಲು," ಎಂದು ನಗಲು ಹೋದ ಪಕ್ಕದ ಮನೆಯ ಟೀಚರಮ್ಮ ಅತ್ತುಬಿಟ್ಟಳು.

ನಾದಿನಿ ದನಿ ತಗ್ಗಿಸಿದಳು. "ಭಾವ, ಪ್ರತಿ ವರ್ಷ ಅಕ್ಕ ಒಂದು ಬತ್ತಿ ಜಾಸ್ತಿ ಮಾಡ್ತಿದ್ಲು. ಹಬ್ಬದ ದಿನ ನಮ್ಮನೆಗೆ ಬಂದು, ಅಡುಗೆಮನೆ ಬಾಗಿಲು ಹಾಕ್ಕೊಂಡು ಮಗು ಹೆಸರಲ್ಲಿ ಹಚ್ಚೋಳು."

"ಇಲ್ಲೇ ಹಚ್ಚಬಹುದಿತ್ತಲ್ಲ?"

"ನಿಮ್ಮ ಬಾಯಿಗೆ ಹೆದರಿ."

*

ಅವರ ಗಂಡುಮಗು ಬದುಕಿದ್ದು ಮೂವತ್ತೊಂದು ದಿನ. ಮರುವರ್ಷದ ಹಬ್ಬದ ಬೆಳಗ್ಗೆ ಅವಳು ತಲೆ ಬಾಚಿ, ಒಂದು ಬತ್ತಿ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ಸಾಲಲ್ಲಿ ನಿಂತ್ಕೋತೀನಿ ರೀ. ನಲವತ್ತಕ್ಕೆ ಒಂಬತ್ತೇ ದಿನ ತಾನೇ ಕಮ್ಮಿ? ನಮ್ಮದನ್ನೂ ಒಪ್ಪಿಸಿದ ಹಾಗಾಗುತ್ತೆ."

"ಬರಿಗೈಲಿ ಏನೇ ಒಪ್ಪಿಸ್ತೀಯ? ನಾಲ್ಕು ಜನರ ಮುಂದೆ ನನ್ನ ಮಾನ ತೆಗೀಬೇಡ."

ದುಃಖ ಅವನಿಗೂ ಇತ್ತು. ಬಾಯಿಗೆ ಬರುವಾಗ ಕೋಪವಾಗಿ ಬಂತು. ಬತ್ತಿಯನ್ನು ಕಿತ್ತುಕೊಂಡು ಮುರಿದ. ಅವಳು ತುಂಡುಗಳನ್ನು ಆರಿಸಿ ಬಾಣಲೆಗೆ ಹಾಕಿ ಕರಗಿಸಿದಳು. ಮತ್ತೆ ಆ ಮಾತೆತ್ತಲಿಲ್ಲ. ಮತ್ತೆ ಮಕ್ಕಳೂ ಆಗಲಿಲ್ಲ.

*

ಪೆಟ್ಟಿಗೆಯನ್ನು ಜಗಲಿಯಲ್ಲಿಳಿಸಿದಾಗ ಒಳಗೆ ಹಾಡು ನಡೆದಿತ್ತು. ಯಾರಿಗೂ ಹೇಳದೆ ಅವನು ಒಳಗೆ ಹೋದ. ಬಾಗಿಲ ಬಳಿಯ ಬುಟ್ಟಿಯಿಂದ ಒಂದು ಬತ್ತಿ ತೆಗೆದು ಹಚ್ಚಿಕೊಂಡ. ಎಡಗೈ ಮಡಚಿ ಎದೆಗಾನಿಸಿ ತಾಯಂದಿರ ಸಾಲಿನ ಕೊನೆಯಲ್ಲಿ ನಿಂತ.

"ಇದು ಮಕ್ಕಳ ಸಾಲು, ಅಂಕಲ್," ಎಂದಳು ಮುಂದಿದ್ದವಳು.

"ಗೊತ್ತಮ್ಮ."

ಅವನ ಸರದಿ ಬಂದಾಗ ಫಾದರ್ ಎತ್ತಿದ ಕೈ ಅಲ್ಲೇ ನಿಂತಿತು. "ನಿಮ್ಮ ಪೂಜೆ ಆಮೇಲಲ್ವಾ?"

"ಗಂಡುಮಗು, ಫಾದರ್. ಮೂವತ್ತೊಂದು ದಿನದ್ದು. ಇವನ ತಾಯಿ ತರ್ತೀನಿ ಅಂದ್ಲು, ನಾನೇ ಬಿಡಲಿಲ್ಲ. ಆಚೆ ಕಾಯ್ತಿದಾಳೆ. ಬೇಗ ಮಾಡಿ."

ಹಾಡು ನಿಂತಿತು. ಫಾದರ್ ಬಗ್ಗಿ, ಮಡಚಿದ ಮೊಣಕೈಯ ಮೇಲೆ ಶಿಲುಬೆಯ ಗುರುತು ಹಾಕಿದರು.

ಅವನು ತಿರುಗಿದ. ಕೂಸು ಹೊತ್ತವರಿಗೆ ಬಿಡುವಂತೆ ಜನ ದಾರಿ ಬಿಟ್ಟರು. ಕೈ ಅಲುಗದಂತೆ ಸರಸರನೆ ನಡೆದು ಜಗಲಿಗೆ ಬಂದು, ಬತ್ತಿಯನ್ನು ನಾದಿನಿಯ ಕೈಗೆ ತುರುಕಿದ.

ಪೆಟ್ಟಿಗೆ ಮಾಡಿದ ಬಡಗಿ ಸುತ್ತಿಗೆ ಚೀಲಕ್ಕಿಳಿಸುತ್ತಿದ್ದ. "ನೀವು ಮುಖ ನೋಡಿ ಆಯ್ತು ಅಂದ್ಕೊಂಡೆ ಯಜಮಾನ್ರೇ. ಮೊಳೆ ಹೊಡೆದುಬಿಟ್ಟೆ."

"ತೆಗಿ. ಇವನನ್ನ ತಾಯಿ ಪಕ್ಕ ಮಲಗಿಸ್ಬೇಕು."

"ಹಲಗೆ ಸೀಳುತ್ತೆ..."

ಅವನು ಪೆಟ್ಟಿಗೆಯ ಪಕ್ಕ ಮಂಡಿಯೂರಿದ. ಮುಚ್ಚಳದ ಅಂಚಿಗೆ ಬಲಗೈ ಹಾಕಿ ಜಗ್ಗತೊಡಗಿದ. ಎರಡೂ ಕೈ ಹಾಕಿದ್ದರೆ ಮೊಳೆ ಏಳುತ್ತಿತ್ತೇನೋ. ಎಡಗೈಯನ್ನು ಅವನು ಎದೆಯಿಂದ ತೆಗೆಯಲೇ ಇಲ್ಲ.